ಎಸ್ಕೇಪಪ್ಪ

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಗೆ ಹೋದರೂ ಒಬ್ಬ ಎಸ್ಕೇಪಪ್ಪ ಸಿಕ್ಕೇ ಸಿಗುತ್ತಾನೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇರುತ್ತದೆ, ಅದು ಐಡಿ ಕಾರ್ಡಿಗೂ ಸಂಬಳದ ಚೀಟಿಗೂ ಮಾತ್ರ. ಈ ಹೆಸರು ಬಂದದ್ದು ಅವನ ಎಡಗೈ ಕಿರುಬೆರಳಿನ ಚಾಳಿಯಿಂದ. ಫೋನ್ ಬರಲಿ, ಮ್ಯಾನೇಜರ್ ಬರಲಿ, ಫೈರ್ ಅಲಾರ್ಮ್ ಹೊಡೆದುಕೊಳ್ಳಲಿ, ಅವನು ಮೊದಲು ಎಸ್ಕೇಪ್ ಕೀಲಿಯನ್ನು ಮೂರು ಸಲ ಟಕಟಕಟಕ ಎಂದು ಒತ್ತಿ ಆಮೇಲೆ ಕುರ್ಚಿ ತಿರುಗಿಸುತ್ತಾನೆ. ಒಂದು ಸಲ ಒತ್ತಿದರೆ ಸಾಕೆಂದು ಅವನಿಗೂ ಗೊತ್ತು. ಇನ್ನೆರಡು ಮನಸ್ಸಿನ ಸಮಾಧಾನಕ್ಕೆ.

ಅವನು ವಿಮ್ ಭಕ್ತ. (ಪಾತ್ರೆ ತೊಳೆಯುವ ಸೋಪಿನ ಜೋಕನ್ನು ದಯವಿಟ್ಟು ಅವನೆದುರು ಹೇಳಬೇಡಿ, ಕಾಲೇಜಿನಿಂದಲೂ ಕೇಳಿಸಿಕೊಂಡು ಬಂದಿದ್ದಾನೆ.) ವಿಮ್ ಎಂದರೆ ಪ್ರೋಗ್ರಾಂ ಬರೆಯುವ ಎಡಿಟರು. ಆದರೆ ಅದನ್ನು ತೆರೆದು ಕೀಲಿ ಒತ್ತಿದ ಕೂಡಲೇ ಅಕ್ಷರ ಮೂಡುವುದಿಲ್ಲ. ಮೊದಲು 'ಐ' ಒತ್ತಿ ಬರೆಯುವ ಮೋಡಿಗೆ ಹೋಗಬೇಕು, ಬರೆದಾದ ಮೇಲೆ ಎಸ್ಕೇಪ್ ಒತ್ತಿ ಈಚೆ ಬರಬೇಕು. ಈಚೆ ಇದ್ದಾಗ ಒಂದೊಂದು ಕೀಲಿಯೂ ಒಂದೊಂದು ಅಪ್ಪಣೆ. 'ಡಿ' ಎರಡು ಸಲ ಒತ್ತಿದರೆ ಇಡೀ ಸಾಲು ಮಾಯ, 'ಯು' ಒತ್ತಿದರೆ ವಾಪಸ್ಸು ಹಾಜರ್. ಇದು ಗೊತ್ತಿಲ್ಲದೆ ಒಳಗೆ ಕಾಲಿಟ್ಟವರಿಗೆ ಹೊರಗೆ ಬರುವ ದಾರಿಯೇ ತಿಳಿಯುವುದಿಲ್ಲ. ವಿಮ್‌ನಿಂದ ಹೊರಬರುವುದು ಹೇಗೆ ಎಂದು 2012ರಲ್ಲಿ ಯಾರೋ ಒಬ್ಬರು ಸ್ಟಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣದಲ್ಲಿ ಕೇಳಿದ್ದ ಪ್ರಶ್ನೆಯನ್ನು 2017ರ ಹೊತ್ತಿಗೆ 10 ಲಕ್ಷ ಸಲ ಜನ ತೆರೆದು ನೋಡಿದ್ದರು. ಉತ್ತರ ಇಷ್ಟೇ: ಎಸ್ಕೇಪ್, ಕೋಲನ್, 'ಕ್ಯೂ', ಆಶ್ಚರ್ಯಸೂಚಕ ಚಿಹ್ನೆ, ಎಂಟರ್. ಬರೆದದ್ದು ಉಳಿಯಬೇಕಾದರೆ ಕೋಲನ್ ಡಬ್ಲ್ಯೂ ಕ್ಯೂ.

ಈ ಡಬ್ಲ್ಯೂ ಕ್ಯೂ ಅವನ ಬೆರಳಿಗೆ ಎಷ್ಟು ಅಂಟಿದೆಯೆಂದರೆ, ಮನೆಯ ವಾಟ್ಸಾಪ್ ಗುಂಪಿಗೆ "ಶನಿವಾರ ಬರ್ತೀನಿ, ಹುಳಿ ಮಾಡಿರು" ಎಂದು ಬರೆದು ಅದರ ಬಾಲಕ್ಕೂ ಅದನ್ನೇ ಒತ್ತಿರುತ್ತಾನೆ. "ಈ ಡಬ್ಲ್ಯೂ ಕ್ಯೂ ಯಾರೋ?" ಎಂದು ಅವನ ತಾಯಿ ಒಮ್ಮೆ ಕೇಳಿದರು. ಯಾವುದೋ ಹುಡುಗಿಯ ಇನಿಷಿಯಲ್ ಇರಬಹುದೇನೋ ಎಂಬ ಆಸೆ, ಪಾಪ, ಅವರಿಗೆ.

ಎಸ್ಕೇಪಪ್ಪನ ಹತ್ತಿರ ಪ್ರಶ್ನೆ ಕೇಳುವವರು ಮಧ್ಯಾಹ್ನದ ಮೀಟಿಂಗ್ ರದ್ದು ಮಾಡಿಕೊಂಡೇ ಕೇಳಬೇಕು. ಕ್ಯಾಂಪಸ್‌ನಿಂದ ಆಗತಾನೇ ಬಂದ ಹಾಸನದ ಹುಡುಗಿಗೆ ಇದು ಗೊತ್ತಿರಲಿಲ್ಲ. "ಸರ್, ಬಾಣದ ಕೀಲಿ ಇದ್ದರೂ ನೀವ್ಯಾಕೆ ಎಚ್ ಜೆ ಕೆ ಎಲ್ ಒತ್ತುತ್ತೀರಿ?" ಎಂದು ಕೇಳಿಬಿಟ್ಟಳು.

"ಕೂತ್ಕೊಳ್ಳಿ," ಎಂದ ಎಸ್ಕೇಪಪ್ಪ.

ಕಥೆ 1976ರಿಂದ ಶುರುವಾಯಿತು. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿ ವಿಮ್‌ನ ಹಿರಿಯನಾದ ವಿಐ ಎಂಬ ಎಡಿಟರ್ ಬರೆದ. ಅವನು ಕೂತಿದ್ದದ್ದು ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಟರ್ಮಿನಲ್ ಎದುರು. ಅದರಲ್ಲಿ ಬಾಣಕ್ಕೆಂದು ಬೇರೆ ಕೀಲಿ ಇರಲಿಲ್ಲ, ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಬಾಣದ ಗುರುತು ಅಚ್ಚಾಗಿತ್ತು. ಈಗ ಟ್ಯಾಬ್ ಇರುವ ಜಾಗದಲ್ಲಿ ಎಸ್ಕೇಪ್ ಇತ್ತು, ಕಿರುಬೆರಳು ಚಾಚಿದರೆ ಸಿಗುವಂತೆ. ಮನೆಯಲ್ಲಿ ಕೂತು ಕೆಲಸ ಮಾಡುವಾಗ ಜಾಯ್‌ಗೆ ಇದ್ದದ್ದು 300 ಬಾಡ್ ಮೋಡೆಮ್ಮು, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಪರದೆ ತುಂಬುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಬರಬಹುದಾದ ಆ ಕಾಲದಲ್ಲಿ ಅಪ್ಪಣೆಗಳು ಒಂದೊಂದು ಅಕ್ಷರದಷ್ಟು ಗಿಡ್ಡವಾದದ್ದರಲ್ಲಿ ಆಶ್ಚರ್ಯವಿಲ್ಲ. ಟರ್ಮಿನಲ್ಲು ಗುಜರಿಗೆ ಹೋಯಿತು, ಮೋಡೆಮ್ಮು ಹೋಯಿತು, ಜಾಯ್ 1982ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಟ್ಟಿದವರಲ್ಲಿ ಒಬ್ಬನಾಗಿ ದೊಡ್ಡ ಮನುಷ್ಯನಾದ. ಬೆಳ್ಳಂದೂರಿನಲ್ಲಿ ಕೂತವನ ತೋರುಬೆರಳು 'ಜೆ' ಮೇಲಿರಬೇಕೆಂದು ಮಾತ್ರ ಆ ಟರ್ಮಿನಲ್ಲು ಇವತ್ತಿಗೂ ಹಟ ಹಿಡಿದಿದೆ.

ಹುಡುಗಿ ತಲೆಯಾಡಿಸಿದಳು. ಅವಳ ಪ್ರಶ್ನೆಯ ಉತ್ತರ ಮೊದಲ ಐದು ನಿಮಿಷದಲ್ಲೇ ಬಂದುಹೋಗಿತ್ತು. ಕಥೆ ಮಾತ್ರ ಇನ್ನೂ ಮುಗಿದಿರಲಿಲ್ಲ.

ಈಗಿನ ಕೀಬೋರ್ಡಿನಲ್ಲಿ ಎಸ್ಕೇಪ್ ಮೂಲೆಗೆ ಸರಿದಿರುವುದನ್ನು ಎಸ್ಕೇಪಪ್ಪ ತನಗೆ ಆದ ಸ್ವಂತ ಅನ್ಯಾಯವೆಂದೇ ತಿಳಿದಿದ್ದಾನೆ. ಅದಕ್ಕೇ ಕ್ಯಾಪ್ಸ್ ಲಾಕನ್ನು ಎಸ್ಕೇಪ್ ಮಾಡಿಕೊಂಡಿದ್ದಾನೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಜಾಣತನವೇ, ಬೇಕಾದಷ್ಟು ಜನ ಹಾಗೆ ಮಾಡಿಕೊಂಡು ಸುಖವಾಗಿದ್ದಾರೆ. ಅವನು ಮುಂದುವರಿದು, 2006ರಲ್ಲಿ ಹುಟ್ಟಿದ ಕೋಲ್‌ಮ್ಯಾಕ್ ಎಂಬ ಕೀಲಿ ವಿನ್ಯಾಸಕ್ಕೆ ಬದಲಾದ. ಮಾಮೂಲಿ ಕ್ವರ್ಟಿ ವಿನ್ಯಾಸದ 17 ಕೀಲಿಗಳು ಅದರಲ್ಲಿ ಬೇರೆ ಬೇರೆ ಜಾಗಕ್ಕೆ ಹೋಗುತ್ತವೆ. ಆಮೇಲೆ ಕೀಲಿಗಳ ಮೇಲೆ ಏನನ್ನೂ ಬರೆಯದ, ಬೋಳು ಬೋಳಾದ ಮೆಕ್ಯಾನಿಕಲ್ ಕೀಬೋರ್ಡ್ ತರಿಸಿದ. ಒಂದು ದಿನ ಐಟಿ ಸಪೋರ್ಟಿನ ಹುಡುಗ ಬಂದು, ಎದ್ದೇಳಿ ಸರ್ ಎರಡು ನಿಮಿಷ, ಎಂದು ಅಡ್ಮಿನ್ ಪಾಸ್‌ವರ್ಡ್ ಹೊಡೆದ. ತಪ್ಪು ಎಂದಿತು. ನಿಧಾನವಾಗಿ ಹೊಡೆದ. ತಪ್ಪು. ಕೀಲಿ ನೋಡಿಕೊಂಡು ಹೊಡೆಯೋಣವೆಂದು ತಲೆ ಬಗ್ಗಿಸಿದರೆ ನೋಡುವುದಕ್ಕೆ ಅಲ್ಲೇನಿದೆ? ಮೂರನೆಯ ಸಲಕ್ಕೆ ಖಾತೆ ಲಾಕ್ ಆಯಿತು, ಎಸ್ಕೇಪಪ್ಪನದ್ದಲ್ಲ, ಸಪೋರ್ಟಿನವನದ್ದು. ಅಂದಿನಿಂದ ಅವನ ಟಿಕೆಟ್ ಬಂದರೆ ಸಪೋರ್ಟಿನ ಹುಡುಗರು ದೂರದಿಂದಲೇ, "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ ಸಾರ್" ಎನ್ನುತ್ತಾರೆ.

ಮೌಸ್ ಎಂದರೆ ಅವನಿಗೆ ಅಲರ್ಜಿ. ಕಂಪನಿ ಕೊಟ್ಟದ್ದು ಪ್ಲಾಸ್ಟಿಕ್ ಚೀಲದ ಸಮೇತ ಡ್ರಾಯರಿನಲ್ಲಿದೆ. ಯಾರಾದರೂ ಮೌಸ್ ಹಿಡಿದರೆ ಅವನ ಬಾಯಲ್ಲಿ ಅಂಕಿಅಂಶ ಹೊರಡುತ್ತದೆ, ಮತ್ತು ಅದು ನಿಜದ ಅಂಕಿಅಂಶವೇ. 1980ರಲ್ಲಿ ಸ್ಟುವರ್ಟ್ ಕಾರ್ಡ್, ಥಾಮಸ್ ಮೋರನ್, ಅಲೆನ್ ನ್ಯೂವೆಲ್ ಎಂಬ ಮೂವರು ಕಂಪ್ಯೂಟರ್ ಬಳಸುವವರ ಕೈಚಲನೆಗೆ ಲೆಕ್ಕ ಕಟ್ಟಿದರು. ಕೈ ಕೀಬೋರ್ಡಿನಿಂದ ಮೌಸಿಗೆ ಹೋಗಲು 0.4 ಸೆಕೆಂಡ್, ಪರದೆಯ ಮೇಲೆ ಗುರಿ ಹಿಡಿಯಲು 1.1 ಸೆಕೆಂಡ್, ಕೈ ವಾಪಸ್ಸು ಬರಲು ಮತ್ತೆ 0.4. ಚೆನ್ನಾಗಿ ಟೈಪ್ ಬಲ್ಲವರಿಗೆ ಒಂದು ಕೀಲಿಗೆ 0.2 ಸೆಕೆಂಡ್ ಸಾಕು. "ಒಂದು ಸಲ ಮೌಸ್ ಮುಟ್ಟಿದರೆ ಹತ್ತಿರಹತ್ತಿರ 2 ಸೆಕೆಂಡ್ ಹೋಯ್ತು! ದಿನಕ್ಕೆ ಎಷ್ಟು ಸಲ ಮುಟ್ಟುತ್ತೀರಿ, ಲೆಕ್ಕ ಹಾಕಿ!"

ಅದೇ ಪಟ್ಟಿಯಲ್ಲಿ ಇನ್ನೊಂದು ಅಂಕಿ ಇದೆ. ಮುಂದೇನು ಮಾಡಬೇಕೆಂದು ಮನಸ್ಸು ಸಿದ್ಧವಾಗಲು 1.35 ಸೆಕೆಂಡ್. ಎಸ್ಕೇಪಪ್ಪ ಇದನ್ನು ಯಾವತ್ತೂ ಹೇಳುವುದಿಲ್ಲ. ಹೇಳಿದರೆ ವ್ಯಾಪಾರ ಕೆಡುತ್ತದೆ, ಏಕೆಂದರೆ ಕೋಡ್ ಬರೆಯುವವನ ದಿನದಲ್ಲಿ ಬೆರಳು ಆಡುವ ಹೊತ್ತಿಗಿಂತ ಪರದೆಯನ್ನು ದಿಟ್ಟಿಸುತ್ತಾ ಗಲ್ಲ ಕೆರೆದುಕೊಳ್ಳುವ ಹೊತ್ತೇ ಜಾಸ್ತಿ. ಅದಕ್ಕೆ ಯಾವ ಎಡಿಟರಿನಲ್ಲೂ ಶಾರ್ಟ್‌ಕಟ್ ಇಲ್ಲ. ಮೇಲಾಗಿ, ಮೌಸಿನಿಂದ ಉಳಿಸಿದ ಸೆಕೆಂಡುಗಳೆಲ್ಲ ಎಲ್ಲಿಗೆ ಹೋದವೆಂದು ವಿಚಾರಿಸಿದರೆ ಎಸ್ಕೇಪಪ್ಪನ ಶನಿವಾರ, ಭಾನುವಾರಗಳು ಸಾಕ್ಷಿ ಹೇಳುತ್ತವೆ. ವಿಮ್‌ಗೆ ಪ್ಲಗಿನ್ ಹಾಕಿಕೊಳ್ಳಲು ಒಂದು ಮ್ಯಾನೇಜರ್ ಬೇಕು. ಅವನು ಪ್ಯಾಥೋಜೆನ್‌ನಿಂದ ಹೊರಟು, ವಂಡಲ್, ವಿಮ್-ಪ್ಲಗ್, ಪ್ಯಾಕರ್ ಎಂದು ಮನೆ ಬದಲಾಯಿಸುತ್ತಾ ಈಗ ಲೇಜಿಗೆ ಬಂದು ಮುಟ್ಟಿದ್ದಾನೆ. 2014ರಲ್ಲಿ ವಿಮ್‌ನಿಂದ ಕವಲೊಡೆದ ನಿಯೋವಿಮ್, 2021ರಲ್ಲಿ ಸೆಟ್ಟಿಂಗ್‌ಗಳನ್ನು ಲೂವಾ ಭಾಷೆಯಲ್ಲೂ ಬರೆಯಬಹುದೆಂದು ಹೇಳಿತು. ಹಳೆಯದು ಕೆಟ್ಟಿರಲಿಲ್ಲ. ಆದರೂ ಅವನು ಎಲ್ಲವನ್ನೂ ಲೂವಾದಲ್ಲಿ ಹೊಸದಾಗಿ ಬರೆದ. "ಏನ್ರೀ, ಆ ಬಿಲ್ಲಿಂಗ್ ಬಗ್ ಏನಾಯ್ತು?" ಎಂದು ಮ್ಯಾನೇಜರ್ ಕೇಳಿದಾಗ, "ಇವತ್ತು ಕಾನ್ಫಿಗ್ ಮುಗಿಯುತ್ತೆ ಸರ್, ಆಮೇಲೆ ಅದೆಲ್ಲ ಎರಡು ನಿಮಿಷದ ಕೆಲಸ" ಎಂದಿದ್ದ.

ಇಷ್ಟೆಲ್ಲ ನಕ್ಕರೂ ಅವನ ಹತ್ತಿರ ಇರುವ ಸರಕು ಖೋಟಾ ಅಲ್ಲ. ವಿಮ್‌ನ ಅಪ್ಪಣೆಗಳು ಬಾಯಿಪಾಠದ ಬೀಜಾಕ್ಷರಗಳಂತೆ ಕೇಳಿಸಿದರೂ ಅವುಗಳೊಳಗೆ ವ್ಯಾಕರಣವಿದೆ. 'ಸಿ' ಎಂದರೆ ಬದಲಾಯಿಸು, 'ಐ' ಎಂದರೆ ಒಳಗಿನದ್ದು, ಮುಂದೆ ಉದ್ಧರಣ ಚಿಹ್ನೆ ಒತ್ತಿದರೆ, ಚಿಹ್ನೆಗಳ ನಡುವೆ ಇರುವುದನ್ನೆಲ್ಲ ಅಳಿಸಿ ಹೊಸದನ್ನು ಬರೆಯಲು ಜಾಗ ಮಾಡಿಕೊಡು ಎಂದರ್ಥ. 'ಸಿ' ತೆಗೆದು 'ಡಿ' ಹಾಕಿದರೆ ಬರೀ ಅಳಿಸುತ್ತದೆ, 'ವೈ' ಹಾಕಿದರೆ ನಕಲು ಮಾಡಿಟ್ಟುಕೊಳ್ಳುತ್ತದೆ. ನಾಲ್ಕು ಕ್ರಿಯಾಪದ, ಹತ್ತು ನಾಮಪದ ಕಲಿತರೆ 40 ವಾಕ್ಯ ಬಂದಂತಾಯಿತು. ಕೊನೆಗೆ ಮಾಡಿದ ತಿದ್ದುಪಡಿಯನ್ನು ಬೇರೆ ಕಡೆಯೂ ಮಾಡಬೇಕೇ, ಅಲ್ಲಿಗೆ ಹೋಗಿ ಒಂದು ಚುಕ್ಕಿ ಒತ್ತಿದರೆ ಸಾಕು. ಪದದ ಮೇಲೆ ನಿಂತು ನಕ್ಷತ್ರ ಚಿಹ್ನೆ ಒತ್ತಿದರೆ ಅದೇ ಪದ ಮುಂದೆ ಎಲ್ಲಿದೆಯೋ ಅಲ್ಲಿಗೆ ಜಿಗಿತ. ಆವರಣದ ಮೇಲೆ ನಿಂತು ಶೇಕಡಾ ಚಿಹ್ನೆ ಒತ್ತಿದರೆ ಅದರ ಜೋಡಿಯ ಹತ್ತಿರ ಪ್ರತ್ಯಕ್ಷ.

ಒಂದು ದಿನ ಕರ್ನಾಟಕದ 31 ಜಿಲ್ಲೆಗಳ ಪಟ್ಟಿ ಬಂತು, ಬಾಗಲಕೋಟೆಯಿಂದ ಯಾದಗಿರಿವರೆಗೆ, ಸಾಲಿಗೊಂದು. ಅದನ್ನು ಜೇಸನ್ ಎಂಬ ಮಾದರಿಯ ಫೈಲಿಗೆ ಸೇರಿಸಬೇಕು, ಪ್ರತಿ ಹೆಸರಿಗೂ ಎರಡೂ ಕಡೆ ಉದ್ಧರಣ ಚಿಹ್ನೆ, ಕೊನೆಗೆ ಕಾಮಾ. ಎಸ್ಕೇಪಪ್ಪ ಬಾಗಲಕೋಟೆಯ ಮೇಲೆ ನಿಂತ. 'ಕ್ಯೂ', 'ಎ' ಒತ್ತಿದ, ರೆಕಾರ್ಡಿಂಗ್ ಶುರು. ಕ್ಯಾಪಿಟಲ್ 'ಐ', ಸಾಲಿನ ತಲೆಗೆ ಹೋಗಿ ಚಿಹ್ನೆ. ಎಸ್ಕೇಪ್. ಕ್ಯಾಪಿಟಲ್ 'ಎ', ಸಾಲಿನ ಬಾಲಕ್ಕೆ ಹೋಗಿ ಚಿಹ್ನೆ, ಕಾಮಾ. ಎಸ್ಕೇಪ್. 'ಜೆ', ಕೆಳಗಿನ ಸಾಲು. 'ಕ್ಯೂ', ರೆಕಾರ್ಡಿಂಗ್ ಮುಗಿಯಿತು. ಆಮೇಲೆ 30 ಎಂದು ಹೊಡೆದು, ಅಟ್ ಚಿಹ್ನೆ, 'ಎ'. ಕಣ್ಣು ಮಿಟುಕಿಸುವಷ್ಟರಲ್ಲಿ ಮಿಕ್ಕ 30 ಜಿಲ್ಲೆಗಳೂ ಶಿಸ್ತಾಗಿ ನಿಂತವು. ಎಸ್ಕೇಪಪ್ಪ ಕೈ ಎತ್ತಿ ಹಿಂದಕ್ಕೆ ಒರಗಿದ, ಚಪ್ಪಾಳೆಗೆ ಜಾಗ ಬಿಟ್ಟು.

"ಸರ್, ಯಾದಗಿರಿ ಆದ್ಮೇಲೆ ಕಾಮಾ ಬರಬಾರದಲ್ವಾ? ಜೇಸನ್ ಒಪ್ಪಲ್ಲ," ಎಂದಳು ಹಾಸನದ ಹುಡುಗಿ.

ಅವಳ ಪರದೆಯಲ್ಲಿ ಅದೇ ಪಟ್ಟಿ ಆಗಲೇ ತಯಾರಾಗಿತ್ತು. ಅವಳದು ವಿಎಸ್ ಕೋಡ್ ಎಂಬ ಎಡಿಟರು, 2015ರಲ್ಲಿ ಮೈಕ್ರೋಸಾಫ್ಟ್ ಬಿಟ್ಟದ್ದು, ಈಗ ಆ ಫ್ಲೋರಿನಲ್ಲಿ ಬಹುಪಾಲು ಎಲ್ಲರ ಲ್ಯಾಪ್‌ಟಾಪಿನಲ್ಲೂ ಇರುವುದು. ಅವಳು ಸಾಲುಗಳನ್ನೆಲ್ಲ ಆರಿಸಿ ಆಲ್ಟ್, ಶಿಫ್ಟ್, 'ಐ' ಒಟ್ಟಿಗೆ ಒತ್ತಿದ್ದಳು. ಪ್ರತಿ ಸಾಲಿನ ಕೊನೆಗೂ ಒಂದೊಂದು ಕರ್ಸರ್ ಎದ್ದು ನಿಂತಿತ್ತು. ಒಂದು ಸಲ ಚಿಹ್ನೆ, ಕಾಮಾ ಹೊಡೆದು, ಹೋಮ್ ಕೀಲಿ ಒತ್ತಿ, ಇನ್ನೊಂದು ಚಿಹ್ನೆ ಹೊಡೆದಿದ್ದಳು, ಅಷ್ಟೇ. ಕೊನೆಯ ಕಾಮಾ ಅಳಿಸಿಯೂ ಆಗಿತ್ತು. "31 ಕರ್ಸರ್ ಒಟ್ಟಿಗೆ ಮಿಣುಕಿದರೆ ತಲೆ ತಿರುಗಲ್ವೇನ್ರೀ?" ಎಂಬುದಷ್ಟೇ ಎಸ್ಕೇಪಪ್ಪನಿಂದ ಬಂದ ಉತ್ತರ. ವೇರಿಯಬಲ್ ಹೆಸರನ್ನು ಇಡೀ ಪ್ರಾಜೆಕ್ಟಿನಲ್ಲಿ ಬದಲಾಯಿಸಲು ಅವಳು ಎಫ್2 ಒತ್ತುತ್ತಾಳೆ, ಫೈಲ್ ಹುಡುಕಲು ಕಂಟ್ರೋಲ್ 'ಪಿ', ಏನು ಎಲ್ಲಿದೆಯೆಂದು ಮರೆತರೆ ಕಂಟ್ರೋಲ್ ಶಿಫ್ಟ್ 'ಪಿ' ಒತ್ತಿ ಹೆಸರಿನ ನಾಲ್ಕಕ್ಷರ ಹೊಡೆಯುತ್ತಾಳೆ. ಇಷ್ಟರಲ್ಲೇ ಅವಳ ಮುಕ್ಕಾಲು ಸಂಸಾರ ನಡೆದುಹೋಗುತ್ತದೆ. ಇದಕ್ಕೆ ಗುರುಕುಲವಾಸ ಬೇಕಿಲ್ಲ ಎಂಬುದೇ ಎಸ್ಕೇಪಪ್ಪನ ಹೊಟ್ಟೆಯುರಿ.

ಅವನಿಗೆ ಸಮಜೋಡಿ ಇರುವುದು ಆ ಫ್ಲೋರಿನಲ್ಲಿ ಒಬ್ಬರೇ, ಈಮ್ಯಾಕ್ಸ್ ಮೇಷ್ಟ್ರು. ನರೆತ ಗಡ್ಡ, ನಿವೃತ್ತಿಗೆ ಹತ್ತಿರ. ಈಮ್ಯಾಕ್ಸ್ ಎಂಬ ಎಡಿಟರೂ 1976ರ ಹುಟ್ಟೇ, ಎಂಐಟಿಯಲ್ಲಿ, ರಿಚರ್ಡ್ ಸ್ಟಾಲ್ಮನ್ ಕೈಯಲ್ಲಿ. ಅದರಲ್ಲಿ ಮೋಡಿನ ತಕರಾರಿಲ್ಲ, ಬದಲಿಗೆ ಕಂಟ್ರೋಲ್ ಕೀಲಿ ಒತ್ತೀ ಒತ್ತೀ ಕಿರುಬೆರಳು ನೋಯುತ್ತದೆ. ಆ ನೋವಿಗೆ ಈಮ್ಯಾಕ್ಸ್ ಪಿಂಕಿ ಎಂದು ಹೆಸರೇ ಬಿದ್ದಿದೆ. ಮೇಷ್ಟ್ರು ಈಮೇಲ್ ಓದುವುದು, ಲೆಕ್ಕ ಬರೆಯುವುದು, ಟೆಟ್ರಿಸ್ ಆಡುವುದು ಎಲ್ಲ ಅದರೊಳಗೇ. ಮನಸ್ಸು ಕೆಟ್ಟರೆ ಅದರಲ್ಲೇ ಒಬ್ಬ ಡಾಕ್ಟರೂ ಇದ್ದಾನೆ. 1966ರಲ್ಲಿ ಜೋಸೆಫ್ ವೈಜನ್‌ಬಾಮ್ ಪ್ರಕಟಿಸಿದ ಎಲಿಜಾ ಎಂಬ ಮಾತಾಡುವ ಪ್ರೋಗ್ರಾಮಿನ ವಂಶಸ್ಥ ಅವನು. ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಾನೆ. "ಅಪ್ರೈಸಲ್ ಮೀಟಿಂಗಿಗಿಂತ ಇವನೇ ವಾಸಿ ಕಣಯ್ಯಾ, ಪೂರ್ತಿ ಕೇಳಿಸಿಕೊಂಡಾದರೂ ಮಾತಾಡ್ತಾನೆ" ಎನ್ನುತ್ತಾರೆ ಮೇಷ್ಟ್ರು.

ಇಬ್ಬರ ಜಗಳದಲ್ಲಿ ನವೆಂಬರ್ ತಿಂಗಳೊಂದು ಮಾತ್ರ ಮೇಷ್ಟ್ರಿಗೆ ಖಾಯಂ. ಕಂಟ್ರೋಲ್ 'ಎಚ್' ಒತ್ತಿ ಮತ್ತೆ 'ಎಚ್' ಒತ್ತಿದರೆ ಈಮ್ಯಾಕ್ಸ್ ಜಗತ್ತಿನ ಹತ್ತಾರು ಭಾಷೆಗಳಲ್ಲಿ ನಮಸ್ಕಾರ ಹೇಳುವ ಪುಟ ತೆರೆಯುತ್ತದೆ. ಅದರಲ್ಲಿ ಕನ್ನಡವೂ ಇದೆ. ಐಟ್ರಾನ್ಸ್ ಪದ್ಧತಿಯಲ್ಲಿ ಕನ್ನಡ ಟೈಪಿಸುವ ಸೌಕರ್ಯವೂ ಒಳಗೇ ಇದೆ. ಎಸ್ಕೇಪಪ್ಪನ ವಿಮ್ ಓಡುವುದು ಟರ್ಮಿನಲ್ಲಿನಲ್ಲಿ. ಅಲ್ಲಿ ಅಕ್ಷರಕ್ಕೊಂದು ಚೌಕ, ಚೌಕಕ್ಕೊಂದು ಅಕ್ಷರ. ಕನ್ನಡದ ಒತ್ತಕ್ಷರಕ್ಕೆ ಈ ಹಂಚಿಕೆ ಒಗ್ಗದೆ, ಬಹುಪಾಲು ಟರ್ಮಿನಲ್ಲುಗಳಲ್ಲಿ ತಲೆಯೊಂದು ಕಡೆ ಬಾಲವೊಂದು ಕಡೆ ಬೀಳುತ್ತದೆ. "ನಿನ್ನ ಎಡಿಟರಿನಲ್ಲಿ 'ಸ್ವಾತಂತ್ರ್ಯ' ಅಂತ ಬರಿ ನೋಡೋಣ," ಎಂದು ಮೇಷ್ಟ್ರು ಪ್ರತಿ ರಾಜ್ಯೋತ್ಸವಕ್ಕೂ ಸವಾಲು ಹಾಕುತ್ತಾರೆ. ಅವತ್ತು ಎಸ್ಕೇಪಪ್ಪನಿಗೆ ತುರ್ತು ಕಾಲ್ ಇರುತ್ತದೆ.

ಮೋಡುಗಳ ಬಗ್ಗೆ ಇವನಷ್ಟೇ ಹಟವಾದಿ, ಆದರೆ ಎದುರು ಪಕ್ಷದವರು, ಅಮೆರಿಕದಲ್ಲಿ ಒಬ್ಬರಿದ್ದರು. 2020ರಲ್ಲಿ ತೀರಿಕೊಂಡ ಲ್ಯಾರಿ ಟೆಸ್ಲರ್, ಕಟ್-ಕಾಪಿ-ಪೇಸ್ಟ್ ನಮ್ಮ ಕೈಗೆ ಬಂದದ್ದರಲ್ಲಿ ದೊಡ್ಡ ಪಾಲಿದ್ದವರು. ಒಂದೇ ಕೀಲಿ ಒಮ್ಮೊಮ್ಮೆ ಒಂದೊಂದು ಕೆಲಸ ಮಾಡುವುದು ಮನುಷ್ಯರಿಗೆ ಹಿಂಸೆ ಎಂದು ಅವರು ಎಷ್ಟು ನಂಬಿದ್ದರೆಂದರೆ, ತಮ್ಮ ಕಾರಿನ ನಂಬರ್ ಪ್ಲೇಟಿನ ಮೇಲೇ 'ನೋ ಮೋಡ್ಸ್' ಎಂದು ಬರೆಸಿಕೊಂಡಿದ್ದರು. ಎಸ್ಕೇಪಪ್ಪನೂ ತನ್ನ ಬೈಕಿಗೆ ವಿಮ್ ಸ್ಟಿಕ್ಕರ್ ಅಂಟಿಸಿದ್ದಾನೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಓದಿದವರು ಇವನು ಸೋಪಿನ ಕಂಪನಿಯ ಸೇಲ್ಸಿನವನೆಂದೇ ತಿಳಿಯುತ್ತಾರೆ.

ಅವನ ದಿನ ಬಂದದ್ದು ಒಂದು ರಾತ್ರಿ ಎರಡು ಗಂಟೆಗೆ. ಸರ್ವರ್ ಮಲಗಿತ್ತು. ಎಲ್ಲರೂ ಮನೆಯಿಂದಲೇ ಕಾಲ್‌ನಲ್ಲಿ ಸೇರಿದ್ದರು, ಯಾರದೋ ಮನೆಯ ಮಗು ಅಳುತ್ತಿತ್ತು. ವಿಎಸ್ ಕೋಡಿನವರು ಸರ್ವರಿಗೆ ಹೋಗಲು ಬೇಕಾದ ಎಕ್ಸ್‌ಟೆನ್ಷನ್ನನ್ನು ಕಂಪನಿಯ ವಿಪಿಎನ್ ಒಳಗೆ ಬಿಡಲಿಲ್ಲ. ಎಸ್ಕೇಪಪ್ಪ ಕರಿ ಪರದೆ ತೆರೆದು ನೇರ ಸರ್ವರಿಗೆ ಇಳಿದ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗಿರುವ ಪಾಸಿಕ್ಸ್ ಮಾನದಂಡದಲ್ಲೇ ವಿಐಗೆ ಜಾಗವಿದೆ, ಹಾಗಾಗಿ ಸರ್ವರುಗಳಲ್ಲಿ ಬೇರೇನೂ ಇಲ್ಲದಿದ್ದರೂ ಅದೊಂದು ಸಾಮಾನ್ಯವಾಗಿ ಇರುತ್ತದೆ. ಸಾವಿರಾರು ಸಾಲಿನ ಫೈಲಿನಲ್ಲಿ ಓರೆಗೆರೆ ಹಾಕಿ ಹುಡುಕಿದ, ತಪ್ಪು ಪೋರ್ಟ್ ನಂಬರ್ ಸಿಕ್ಕಿತು, ತಿದ್ದಿದ, ಡಬ್ಲ್ಯೂ ಕ್ಯೂ. ಇನ್ನೊಂದು ಫೈಲ್ ಕಂಟೇನರ್ ಎಂಬ, ಪ್ರೋಗ್ರಾಂ ಪ್ರತ್ಯೇಕವಾಗಿ ಓಡುವ ಕೋಣೆಯ ಒಳಗಿತ್ತು. ಅಲ್ಲಿಗೂ ಇಳಿದು ಗತ್ತಿನಿಂದ 'ವಿಐ' ಎಂದು ಹೊಡೆದ.

ಅಂಥ ಅಪ್ಪಣೆ ಇಲ್ಲ ಎಂದಿತು ಕಂಟೇನರು. ಗಾತ್ರ ಇಳಿಸುವ ಸಲುವಾಗಿ ಅದರಿಂದ ಎಡಿಟರುಗಳನ್ನೆಲ್ಲ ಕಿತ್ತುಹಾಕಿದ್ದರು.

ಕಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ಎಸ್ಕೇಪಪ್ಪ ಮಾತಾಡಲಿಲ್ಲ. ಕೆನ್ ಥಾಂಪ್ಸನ್ 1969ರ ಸುಮಾರಿಗೆ ಬರೆದ ಎಡ್ ಎಂಬ ಎಡಿಟರ್ ವಿಐಗೂ ಮೂಲಪುರುಷ, ಸೆಡ್ ಎಂಬ ಉಪಕರಣಕ್ಕೂ ಮೂಲಪುರುಷ. ಸೆಡ್ ಕಂಟೇನರಿನಲ್ಲಿ ಇತ್ತು. ಹಳೆಯ ಪದ, ಓರೆಗೆರೆ, ಹೊಸ ಪದ ಎಂದು ವಿಮ್‌ನಲ್ಲಿ ದಿನವೂ ಬರೆಯುವ ಅದೇ ಒಕ್ಕಣೆಯನ್ನು ಕಣ್ಣು ಮುಚ್ಚಿಕೊಂಡು ಒಂದೇ ಸಾಲಿನಲ್ಲಿ ಹೊಡೆದ. ಸರ್ವರ್ ಎದ್ದು ಕೂತಿತು. ಕಿಸಕ್ಕೆಂದವರು ತಮ್ಮ ಮೈಕ್ ಮ್ಯೂಟ್ ಮಾಡಿಕೊಂಡರು.

ಮಾರನೆಯ ದಿನ ಹಾಸನದ ಹುಡುಗಿಯೇ ಅವನ ಕುರ್ಚಿಯ ಹತ್ತಿರ ಬಂದು, "ಸರ್, ನನಗೂ ಅಷ್ಟು ಕಲಿಸಿ, ಸರ್ವರಿಗೆ ಬೇಕಾಗುವಷ್ಟು" ಎಂದಳು. ಅವನು ಅವಳ ಟರ್ಮಿನಲ್ಲಿನಲ್ಲಿ ವಿಮ್‌ಟ್ಯೂಟರ್ ಎಂದು ಹೊಡೆಸಿದ. ವಿಮ್ ಜೊತೆಗೇ ಬರುವ, ಅರ್ಧ ಗಂಟೆಯಲ್ಲಿ ಮುಗಿಯುವ ಪಾಠ ಅದು. ವಿಮ್ ಬರೆದ ಬ್ರಾಮ್ ಮೂಲೆನಾರ್ ಬಗ್ಗೆ ಹೇಳುವಾಗ ಮಾತ್ರ ಅವನ ಗಂಟಲಿನ ಗತ್ತು ಇಳಿಯಿತು. ನೆದರ್ಲೆಂಡ್ಸಿನ ಆ ಮನುಷ್ಯ ಅಮೀಗಾ ಕಂಪ್ಯೂಟರಿಗಾಗಿ ವಿಐಯನ್ನು ಹೋಲುವ ಎಡಿಟರ್ ಕಟ್ಟಿ 1991ರಲ್ಲಿ ಹೊರಬಿಟ್ಟ. ದುಡ್ಡು ಕೇಳಲಿಲ್ಲ. ಕೊಡುವುದಿದ್ದರೆ ಉಗಾಂಡದ ಕಿಬಾಲೆಯ ಅನಾಥ ಮಕ್ಕಳಿಗೆ ಕೊಡಿ ಎಂದ. ಖಾಲಿ ವಿಮ್ ತೆರೆದರೆ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು ಇವತ್ತಿಗೂ ಕಾಣುತ್ತದೆ. 2023ರ ಆಗಸ್ಟಿನಲ್ಲಿ 62ನೇ ವಯಸ್ಸಿಗೆ ಅವನು ತೀರಿಕೊಂಡ. ಅವನೇ 2000ದಲ್ಲಿ ಒಂದು ಪ್ರಬಂಧ ಬರೆದಿದ್ದ. ಅದರಲ್ಲಿ ಹೇಳಿದ್ದು ಬಲು ಸರಳ: ಎಲ್ಲಿ ಸಮಯ ಹಾಳಾಗುತ್ತಿದೆ ಎಂದು ಗಮನಿಸು, ಅದಕ್ಕೆ ಚುರುಕಾದ ದಾರಿ ಹುಡುಕು, ಅದು ಕೈಗೆ ಕೂರುವವರೆಗೆ ಬಳಸು. ಎಲ್ಲ ಅಪ್ಪಣೆಗಳನ್ನೂ ಕಲಿಯಲು ಹೋಗಬೇಡ ಎಂದೂ ಇತ್ತು. ಆ ಭಾಗವನ್ನು ಎಸ್ಕೇಪಪ್ಪ ಸ್ವಲ್ಪ ಬೇಗ ದಾಟಿಸಿದ.

"ನಿಮ್ಮ ಕಾನ್ಫಿಗ್ ಫೈಲ್ ಕೊಡಿ ಸರ್, ಅದರಿಂದಲೇ ಶುರು ಮಾಡ್ತೀನಿ," ಎಂದಳು ಹುಡುಗಿ. ತನ್ನ ಕಾನ್ಫಿಗ್ ಯಾರಾದರೂ ಕೇಳಲಿ ಎಂದು ಎಷ್ಟು ವರ್ಷದಿಂದ ಕಾಯುತ್ತಿದ್ದನೋ, ತಕ್ಷಣ ಕಳಿಸಿದ. ಅವಳು ಮೇಲಿನಿಂದ ಓದುತ್ತಾ ಹೋಗಿ ಒಂದು ಕಡೆ ನಿಂತಳು.

"ಸರ್, ಇಲ್ಲಿ 'ಮೌಸ್ ಈಕ್ವಲ್ ಟು ಎ' ಅಂತ ಒಂದು ಸಾಲಿದೆ. ಹಾಗಂದ್ರೆ ವಿಮ್‌ನಲ್ಲೂ ಮೌಸ್ ಕೆಲಸ ಮಾಡುತ್ತಾ?"

ಎಸ್ಕೇಪಪ್ಪ ಅತ್ತಿತ್ತ ನೋಡಿದ. ಮೇಷ್ಟ್ರು ಊಟಕ್ಕೆ ಹೋಗಿದ್ದರು.

"ಅದು ತಾತ್ಕಾಲಿಕ," ಎಂದ.

"ಪಕ್ಕದಲ್ಲಿ ಹಾಗೇ ಬರೆದಿದೆ ಸರ್," ಎಂದಳು ಹುಡುಗಿ. "ತಾತ್ಕಾಲಿಕ, ಆಮೇಲೆ ತೆಗೆಯಬೇಕು, 2016."